ಆಶಾರಾಣಿಯ ಮೇಜಿನ ಮೇಲೆ ಎಲ್ಲ ರಿಮೋಟೂ ಸರಿ

ಕ್ಯಾಮೆರಾದ ಹೊಸ ರಿಮೋಟು ಕೊಂಡರೆ ಸಾವಿರದ ಎಂಟುನೂರು ರೂಪಾಯಿ. ನೋಡಲು ಅದರ ಅವಳಿಯಂತೆಯೇ ಇರುವ ನಕಲಿಗೆ ಮುನ್ನೂರೈವತ್ತು. ಒಳಗೆ ಕೂರುವ ಬಿಲ್ಲೆ ಬ್ಯಾಟರಿಗೆ ನಲವತ್ತು. ಆಶಾರಾಣಿಯವರ ಕೂಲಿ ಅರವತ್ತು, ಅದೂ ಏನಾದರೂ ಕೆಟ್ಟಿದ್ದು, ಕೆಟ್ಟದ್ದನ್ನು ಅವರು ಸರಿಮಾಡಿದರೆ ಮಾತ್ರ. ‘ಏನೂ ಕೆಟ್ಟಿಲ್ಲ, ತಗೊಂಡು ಹೋಗಿ’ ಎಂದರೆ ಒಂದು ರೂಪಾಯಿಯೂ ಇಲ್ಲ. ಕಷ್ಟವೇನೆಂದರೆ, ಅವರ ಮೇಜಿಗೆ ಬರುವ ಹತ್ತು ರಿಮೋಟುಗಳಲ್ಲಿ ಆರು ಕೆಟ್ಟಿರುವುದೇ ಇಲ್ಲ.

ಬೆಳಗಿನ ಐದು ಗಂಟೆ. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದೆರಡು ಮನೆಗಳಿಂದ ಆಗಲೇ ಮಗ್ಗದ ಸದ್ದು ಕೇಳುತ್ತಿದೆ. ಆನಂದ್ ಅವರ ಫೋಟೋ ಸ್ಟುಡಿಯೋ ಇನ್ನೂ ಬಾಗಿಲು ತೆರೆದಿಲ್ಲ. ಆದರೆ ಅದರ ಮೆಟ್ಟಿಲ ಕೆಳಗಿನ ನಾಲ್ಕಡಿ ಜಾಗದಲ್ಲಿ ದೀಪ ಹತ್ತಿದೆ. ಒಂದು ಹಳೆಯ ಮರದ ಮೇಜು, ಬೆಸುಗೆ ಕಡ್ಡಿ, ಭೂತಗನ್ನಡಿ, ಅಡುಗೆಮನೆಯಿಂದ ಬಡ್ತಿ ಪಡೆದು ಬಂದ ಸ್ಟೀಲಿನ ಸಾಂಬಾರ ಡಬ್ಬಿ. ಸಾಸಿವೆ, ಜೀರಿಗೆ, ಮೆಂತ್ಯ ಇರಬೇಕಾದ ಬಟ್ಟಲುಗಳಲ್ಲಿ ಸ್ಕ್ರೂ, ಸ್ಪ್ರಿಂಗು, ಬಿಲ್ಲೆ ಬ್ಯಾಟರಿ. ನಲವತ್ತಾರರ ಆಶಾರಾಣಿ ಸ್ವೆಟರಿನ ತೋಳು ಮೇಲೇರಿಸಿಕೊಂಡು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುವ ಹೊತ್ತಿಗೆ ಬೈಕೊಂದು ಬಂದು ನಿಲ್ಲುತ್ತದೆ.

ಬಂದವರು ಮದುವೆ ವಿಡಿಯೋ ತೆಗೆಯುವ ಶ್ರೀಧರ್. ನೆಲಮಂಗಲದ ಕಡೆಯ ಛತ್ರವೊಂದರಲ್ಲಿ ಏಳೂ ಹತ್ತಕ್ಕೆ ಮುಹೂರ್ತ. ಮಂಟಪದ ಮೇಲಿನಿಂದ ಧಾರೆಯ ದೃಶ್ಯ ಸಿಗಲೆಂದು ಹನ್ನೆರಡಡಿ ಕಂಬದ ತುದಿಗೆ ಒಂದು ಕ್ಯಾಮೆರಾ ಕಟ್ಟಿದ್ದಾರೆ. ಅದನ್ನು ಕೆಳಗಿನಿಂದಲೇ ಚಾಲೂ ಮಾಡಬೇಕಾದ ರಿಮೋಟು ನಿನ್ನೆ ರಾತ್ರಿ ಆರತಕ್ಷತೆಯಲ್ಲಿ ಕೈಕೊಟ್ಟಿದೆ.

“ಅಕ್ಕ, ಸತ್ತೋಗೈತೆ ಇದು.”

“ಸತ್ತಿದ್ಯೋ ಮಲಗಿದ್ಯೋ ನೋಡಾಣ, ಕೊಡಿಲ್ಲಿ.”

ಆಶಾರಾಣಿ ತಮ್ಮ ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಗುಂಡಿ ಒತ್ತುತ್ತಾರೆ. ಬರಿಗಣ್ಣಿಗೆ ಏನೂ ಕಾಣದು. ಮೊಬೈಲಿನ ಪರದೆಯಲ್ಲಿ ಮಾತ್ರ ರಿಮೋಟಿನ ತುದಿಯಲ್ಲಿ ನೇರಳೆ ಬಣ್ಣದ ಚುಕ್ಕಿಯೊಂದು ಮಿಣುಕುತ್ತದೆ. ರಿಮೋಟಿನಿಂದ ಹೊರಡುವ ಬೆಳಕು ನಮ್ಮ ಕಣ್ಣಿಗೆ ಬೀಳುವಂಥದ್ದಲ್ಲ, ಮೊಬೈಲಿನ ಕಣ್ಣಿಗೆ ಬೀಳುತ್ತದೆ. ಚುಕ್ಕಿ ಕಂಡರೆ ರಿಮೋಟಿಗೆ ಜೀವ ಇದೆ ಎಂದರ್ಥ. ಆಮೇಲೆ ಅವರು ಅದನ್ನು ಬೋರಲು ಹಾಕಿ, ಹಿಂಬದಿಯ ಅಕ್ಕಿಕಾಳಿನಷ್ಟು ಚಿಕ್ಕ ಸ್ವಿಚ್ಚನ್ನು ಉಗುರಿನಿಂದ ಪಕ್ಕಕ್ಕೆ ಸರಿಸುತ್ತಾರೆ. ಅದು ‘2’ ಎಂದು ಬರೆದಿರುವ ಕಡೆ ಇದ್ದರೆ ವಿಡಿಯೋ ಶುರುವಾಗುತ್ತದೆ, ಇನ್ನೊಂದು ಕಡೆ ಇದ್ದರೆ ಬರೀ ಫೋಟೋ. ಜೇಬಿನಲ್ಲಿ ಬೈಕಿನ ಕೀ ಜೊತೆ ಹಾಕಿಕೊಂಡರೆ ಅದು ತಾನಾಗಿಯೇ ಸರಿಯುತ್ತದೆ ಎಂದು ಶ್ರೀಧರ್‌ಗೆ ಇದು ಮೂರನೆಯ ಸಲ ಹೇಳುತ್ತಿದ್ದಾರೆ.

ಎಷ್ಟಾಯಿತು ಎಂದು ಶ್ರೀಧರ್ ಜೇಬಿಗೆ ಕೈ ಹಾಕಿದರೆ, “ನಾನೇನ್ ಮಾಡ್ದೆ ಅಂತ ದುಡ್ಡು? ಹೋಗಪ್ಪ, ತಾಳಿ ಕಟ್ಟೋದು ನಿಂಗೋಸ್ಕರ ನಿಲ್ಲಲ್ಲ” ಎಂದು ಓಡಿಸುತ್ತಾರೆ. ಅವರ ಬೈಕು ತಿರುವು ದಾಟುವ ಮುಂಚೆಯೇ ಇನ್ನೊಬ್ಬರು ಬಂದು ನಿಂತಿದ್ದಾರೆ.

ಮುಹೂರ್ತಗಳಿರುವ ದಿನ ಇಪ್ಪತ್ತರಿಂದ ಇಪ್ಪತ್ತೈದು ರಿಮೋಟು, ಉಳಿದ ದಿನ ಏಳೆಂಟು. ಬ್ಯಾಟರಿ ಮುಗಿದಿರುವುದು, ಹೊಸ ಬ್ಯಾಟರಿಯ ಮೇಲಿನ ತೆಳು ಪ್ಲಾಸ್ಟಿಕ್ ಕೀಳದೆ ಹಾಗೇ ತುರುಕಿರುವುದು, ಕ್ಯಾಮೆರಾದ ಹಿಂದೆ ನಿಂತು ಒತ್ತುವುದು, ಬೇರೆ ಕ್ಯಾಮೆರಾದ ರಿಮೋಟು ತಂದು ಇದಕ್ಕೆ ಒತ್ತುವುದು, ಮಂಟಪದ ಮಿಣಿಮಿಣಿ ದೀಪದ ಸರವನ್ನು ಕ್ಯಾಮೆರಾದ ಮೂತಿಗೇ ಕಟ್ಟಿರುವುದು. ಇವೆಲ್ಲ ಅವರಿಗೆ ನೆಗಡಿ ಕೆಮ್ಮು ಇದ್ದಂತೆ. ಭಾನುವಾರ ಮಧ್ಯಾಹ್ನ ಮಾಕಳಿದುರ್ಗ ಹತ್ತಿ ಇಳಿದ ಬೆಂಗಳೂರಿನ ಹುಡುಗ ಹುಡುಗಿಯರು ನೀರಿಗೆ ಬಿದ್ದ ಸೆಲ್ಫಿ ಕೋಲಿನ ಗುಂಡಿಗಳನ್ನು ತರುತ್ತಾರೆ. ಅವಕ್ಕೆ ಮಾತ್ರ ಮೊದಲೇ ಅರವತ್ತು ಇಸಿದುಕೊಳ್ಳುತ್ತಾರೆ. “ಅವ್ರು ತಿರ್ಗಾ ಈ ಕಡೆ ಬರಲ್ಲ ಕಣ್ರೀ” ಎನ್ನುವುದು ಅವರ ವಿವರಣೆ.

ಈ ಕೈಗುಣ ಬಂದದ್ದು ಸೋಂಪುರದಿಂದ. ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟಿವಿ ಪೆಟ್ಟಿಗೆಗಳ ರಿಮೋಟು ತಯಾರಾಗುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ಮಗಳು ಶಾಲೆಗೆ ಹೋಗುವಂತಾದ ಮೇಲೆ ಆಶಾರಾಣಿ ಅಲ್ಲಿಗೆ ಸೇರಿದರು. ಕಂಪನಿ ಬಸ್ಸು ಬೆಳಿಗ್ಗೆ ಐದೂ ನಲವತ್ತಕ್ಕೆ. ಹನ್ನೊಂದು ವರ್ಷ ಒಂದೇ ಮೇಜು, ಒಂದೇ ಕೆಲಸ: ತಯಾರಾಗಿ ಬಂದ ರಿಮೋಟಿನ ಒಂದೊಂದೂ ಗುಂಡಿ ಒತ್ತಿ ನೋಡುವುದು. ಪಾಳಿಗೆ ನಾನೂರು ರಿಮೋಟು, ಒಂದೊಂದರಲ್ಲಿ ನಲವತ್ತು ಗುಂಡಿ. ಅವರ ಗಂಡ ಗೋವಿಂದರಾಜು ಮಗ್ಗದ ಕೆಲಸದವರು. ಮಗ್ಗದ ಸದ್ದಿಗೆ ಅರ್ಧ ಕಿವಿ ಕಳೆದುಕೊಂಡು ಕೂತಿದ್ದಾರೆ, ಆದರೆ ಮಾತಿಗೇನೂ ಕಡಿಮೆಯಿಲ್ಲ. “ನಿದ್ದೇಲೂ ಬಿಡ್ತಿರಲಿಲ್ಲ ಸ್ವಾಮಿ. ನನ್ ಬೆನ್ ಮೇಲೆ ಚಾನೆಲ್ ಬದಲಾಯಿಸ್ತಿದ್ಲು” ಎನ್ನುತ್ತಾರೆ.

ಆರು ವರ್ಷದ ಹಿಂದೆ ಆ ವಿಭಾಗ ಮುಚ್ಚಿತು. ಅರವತ್ತೆರಡು ಹೆಂಗಸರಿಗೆ ಎರಡು ತಿಂಗಳ ಸಂಬಳ ಕೊಟ್ಟು ಮನೆಗೆ ಕಳಿಸಿದರು. ಕೆಲವರು ಗಾರ್ಮೆಂಟ್ಸಿಗೆ ಹೋದರು, ಕೆಲವರು ಮನೆಯಲ್ಲುಳಿದರು. ಆಶಾರಾಣಿ ಮಗಳ ಅರ್ಜಿಗೊಂದು ಫೋಟೋ ಬೇಕೆಂದು ಆನಂದ್ ಸ್ಟುಡಿಯೋಗೆ ಹೋದಾಗ, ಆನಂದ್ ಒಂದು ರಿಮೋಟನ್ನು ಅಂಗೈಗೆ ಬಡಿದು ಬಡಿದು ನೋಡುತ್ತಿದ್ದರು. ಹನ್ನೊಂದು ವರ್ಷ ಆ ವಸ್ತುವನ್ನು ಮಗುವಿನಂತೆ ಹಿಡಿದವರಿಗೆ ಅದನ್ನು ನೋಡಲಾಗಲಿಲ್ಲ. “ಹೊಡೀಬೇಡಿ ಸಾರ್, ಕೊಡಿ” ಎಂದು ಕಸಿದುಕೊಂಡರು. ಒಳಗಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಉಗುರಿನಲ್ಲಿ ಕೆರೆದು ಕೊಟ್ಟರು. ಮಾರನೆಯ ವಾರ ಮೆಟ್ಟಿಲ ಕೆಳಗಿನ ಜಾಗ ಅವರದಾಯಿತು. ಬಾಡಿಗೆಯಿಲ್ಲ, ಸ್ಟುಡಿಯೋದ ರಿಮೋಟುಗಳಿಗೆ ಕೂಲಿಯೂ ಇಲ್ಲ.

ಮೊದಲ ವರ್ಷ ಬಂದವರೆಲ್ಲ ಅವರನ್ನು ದಾಟಿ ಒಳಗೆ ಇಣುಕಿ, ರಿಪೇರಿಯವರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳುತ್ತಿದ್ದರು. ಬಂದರೆ ಹೇಳುತ್ತೇನೆ ಎಂದು ಅವರೂ ಗಂಭೀರವಾಗಿ ಹೇಳಿ ರಿಮೋಟು ಇಸಿದುಕೊಳ್ಳುತ್ತಿದ್ದರು, ಹತ್ತು ನಿಮಿಷದಲ್ಲಿ ಸರಿಮಾಡಿ ಕೊಟ್ಟು ರಿಪೇರಿಯವರು ಬಂದು ಹೋದರು ಎನ್ನುತ್ತಿದ್ದರು. ಈಗ ದೇವನಹಳ್ಳಿ, ಹೊಸಕೋಟೆಯಿಂದಲೂ ಜನ ಬರುತ್ತಾರೆ. ಹೆಸರು ಗೊತ್ತಿಲ್ಲದವರು ‘ರಿಮೋಟಕ್ಕ’ ಎಂದು ಕೇಳಿಕೊಂಡು ಬರುತ್ತಾರೆ.

ಕಾರ್ಖಾನೆಯಿಂದ ಅವರು ಒಂದು ನಂಬಿಕೆಯನ್ನೂ ತಂದಿದ್ದರು. ಮೇಜಿನ ಮೇಲೆ ಪಾಸಾದರೆ ಪಾಸು. ಆಮೇಲೆ ಕೆಲಸ ಮಾಡದಿದ್ದರೆ ತಪ್ಪು ಒತ್ತಿದವರದು. ಐದು ವರ್ಷ ಈ ನಂಬಿಕೆ ಕೈಕೊಟ್ಟಿರಲಿಲ್ಲ. ಕಳೆದ ಸಂಕ್ರಾಂತಿ ಮುಗಿದ ಮಾರನೆಯ ವಾರ ಕೈಕೊಟ್ಟಿತು. ಆ ಕತೆಯನ್ನು ಆಶಾರಾಣಿ ಯಾರಿಂದಲೂ ಮುಚ್ಚಿಡುವುದಿಲ್ಲ.

ಆ ಸೋಮವಾರ ಮಧ್ಯಾಹ್ನ ಕೀರ್ತನ ಎಂಬ ಹುಡುಗಿ ರಿಮೋಟು ಹಿಡಿದು ಬಂದಳು. ಪದವಿಯ ಕೊನೆಯ ವರ್ಷದವಳು, ಮಾಕಳಿದುರ್ಗದ ಬುಡದ ಹಳ್ಳಿ. ಕ್ಯಾಮೆರಾ, ರಿಮೋಟು ಎರಡನ್ನೂ ಒಂಬತ್ತು ದಿನಕ್ಕೆಂದು ಆನಂದ್ ಹತ್ತಿರ ಬಾಡಿಗೆಗೆ ಒಯ್ದಿದ್ದಳು. ಒಂಬತ್ತೇ ದಿನ ಯಾಕೆಂದರೆ, ಮುಂದಿನ ಬುಧವಾರ ಅವಳ ಅಜ್ಜಿ ಮುನಿವೆಂಕಟಮ್ಮನವರ ಗಂಟಲಿನ ಗಡ್ಡೆಗೆ ಆಪರೇಷನ್ನು. ಗಡ್ಡೆ ಹೋಗುತ್ತದೆ, ದನಿ ಹೇಗೆ ಉಳಿಯುತ್ತದೋ ಹೇಳಲಾಗದು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು.

ಮುನಿವೆಂಕಟಮ್ಮ ಸುತ್ತಿನ ಹಳ್ಳಿಗಳಲ್ಲಿ ಮದುವೆ ಮನೆಯ ಸೋಬಾನೆ ಪದಗಳಿಗೆ ಹೆಸರಾದವರು. ಅರಿಶಿನ ಕುಟ್ಟುವಾಗ ಒಂದು, ಹಸೆ ಬರೆಯುವಾಗ ಒಂದು, ಹೆಣ್ಣು ಒಪ್ಪಿಸುವಾಗ ಒಂದು, ಹೀಗೆ ಒಟ್ಟು ಅರವತ್ತಮೂರು. ಅಕ್ಷರ ಬಾರದು, ಲೆಕ್ಕ ಬರುತ್ತದೆ. ಅರವತ್ತಮೂರು ಒಣ ಅವರೆಕಾಳನ್ನು ಮೊರದಲ್ಲಿ ಹಾಕಿಕೊಂಡು, ಒಂದು ಹಾಡು ಮುಗಿದರೆ ಒಂದು ಕಾಳನ್ನು ಹಿತ್ತಾಳೆ ಬಟ್ಟಲಿಗೆ ದಾಟಿಸುತ್ತೇನೆ ಎಂದು ಅವರೇ ತೀರ್ಮಾನಿಸಿದ್ದರು. ಬೆಳಿಗ್ಗೆ ಹತ್ತರ ತನಕ ಮಾತ್ರ ಗಂಟಲು ನಿಲ್ಲುತ್ತಿತ್ತು. ದಿನಕ್ಕೆ ಏಳು, ಒಂಬತ್ತು ಬೆಳಗಿಗೆ ಅರವತ್ತಮೂರು. ಸರಿಯಾಗಿ ಹೊಂದುತ್ತಿತ್ತು.

ರಿಮೋಟಿನ ಅಗತ್ಯ ಬಿದ್ದದ್ದು ಆ ಹಾಡಿನ ರೀತಿಯಿಂದಲೇ. ಸೋಬಾನೆಯನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬರು ಎತ್ತಿಕೊಟ್ಟ ಸಾಲನ್ನು ಪಕ್ಕದವರು ಮತ್ತೆ ಹೇಳಬೇಕು, ಇಲ್ಲದಿದ್ದರೆ ಮುಂದಿನ ಸಾಲು ಅಜ್ಜಿಯ ಬಾಯಿಗೆ ಬರದು. ಹಾಗಾಗಿ ಕೀರ್ತನ ಪಕ್ಕದಲ್ಲಿ ಕೂರಲೇಬೇಕು. ಕೂತ ಮೇಲೆ ಹಾಡು ಮುಗಿಯುವ ತನಕ ಚಾಪೆಯಿಂದ ಏಳುವಂತಿಲ್ಲ, ಎದ್ದರೆ ಹಾಡು ಮೊದಲಿಂದ. ಒಂದೊಂದು ಹಾಡು ಹದಿನೈದು, ಇಪ್ಪತ್ತು ನಿಮಿಷ. ಆ ಕ್ಯಾಮೆರಾವೋ ಹನ್ನೆರಡು ನಿಮಿಷಕ್ಕೊಮ್ಮೆ ತಾನಾಗಿಯೇ ನಿಂತುಬಿಡುತ್ತದೆ, ಮತ್ತೆ ಒತ್ತಬೇಕು. ಮನೆಯಲ್ಲಿ ಒತ್ತಲು ಯಾರೂ ಇಲ್ಲ. ತಾತ ಅಪ್ಪಯ್ಯಣ್ಣ ಹಸು ಹಿಡಿದುಕೊಂಡು ಹೊಲದ ಕಡೆ, ಅಪ್ಪ ಅಮ್ಮ ಆರಕ್ಕೇ ಕಾರ್ಖಾನೆ ಬಸ್ಸಿಗೆ. ಮೊಬೈಲಿನಲ್ಲೇ ತೆಗೆಯಬಾರದೇ ಎಂದು ಆಶಾರಾಣಿ ಕೇಳಿದರು. ಅಜ್ಜಿಗೆ ಆಪರೇಷನ್ ಎಂದು ಗೊತ್ತಾದಾಗಿನಿಂದ ನೆಂಟರ ಫೋನು ಬಿಡುವಿಲ್ಲದೆ ಬರುತ್ತಿದೆ, ಆಸ್ಪತ್ರೆಯವರ ಕರೆಗಾಗಿ ಅದನ್ನು ಆರಿಸಿಡುವಂತೆಯೂ ಇಲ್ಲ ಎಂದಳು ಹುಡುಗಿ.

ಆ ದಿನ ಬೆಳಿಗ್ಗೆ ರಿಮೋಟು ಒಂದು ಸಲವೂ ಕೆಲಸ ಮಾಡಿರಲಿಲ್ಲ. ಕೈಯಲ್ಲೇ ಒತ್ತಿ ಬಂದು ಕೂತರೆ ಅರ್ಧ ಹಾಡು ಮಾತ್ರ ಸಿಗುತ್ತದೆ, ಅದಕ್ಕೆ ಅಜ್ಜಿ ಒಪ್ಪಿರಲಿಲ್ಲ. ಆಶಾರಾಣಿ ಮೊಬೈಲಿಗೆ ಹಿಡಿದು ನೋಡಿದರು. ನೇರಳೆ ಚುಕ್ಕಿ ಮಿಣುಕಿತು. ಹಿಂದಿನ ಸ್ವಿಚ್ಚು ‘2’ರ ಕಡೆಯೇ ಇತ್ತು. ಆದರೂ ಇರಲಿ ಎಂದು ಹೊಸ ಬ್ಯಾಟರಿ ಹಾಕಿ, ಸರಿಯಿದೆ ಹೋಗು ಎಂದು ಕಳಿಸಿದರು.

ಮಂಗಳವಾರ ಮಧ್ಯಾಹ್ನ ಕೀರ್ತನ ಮತ್ತೆ ಬಂದಳು, ಈ ಸಲ ಕ್ಯಾಮೆರಾ ಸಮೇತ. ಬೆಳಿಗ್ಗೆ ಒಂದು ಸಲವೂ ಚಾಲೂ ಆಗಿರಲಿಲ್ಲ. ಆಶಾರಾಣಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಒತ್ತಿದರು. ಥಟ್ಟನೆ ಚಾಲೂ ಆಯಿತು. ಎರಡಡಿಯಿಂದ, ಆರಡಿಯಿಂದ, ಗಲ್ಲಿಯ ಆಚೆ ಬದಿಯಿಂದ, ಎಲ್ಲಿಂದ ಒತ್ತಿದರೂ ಆಯಿತು. ಹುಡುಗಿಯ ಕೈಗೆ ಕೊಟ್ಟು ಒತ್ತಿಸಿದರು. ಆಗಲೂ ಆಯಿತು. ಕ್ಯಾಮೆರಾದ ಎದುರು ಕೂತು ಒತ್ತು, ಬಿಸಿಲು ಅದರ ಮುಖಕ್ಕೆ ಬೀಳದಂತೆ ಇಡು ಎಂದು ಬುದ್ಧಿ ಹೇಳಿ ಕಳಿಸಿದರು. ಹುಡುಗಿ ಸರಿಯಾಗಿ ಒತ್ತುತ್ತಿಲ್ಲ ಎಂದೇ ಅವರ ಮನಸ್ಸಿನಲ್ಲಿದ್ದದ್ದು.

ಬುಧವಾರ ಅವಳು ಬಂದಾಗ ಕಣ್ಣು ಕೆಂಪಾಗಿತ್ತು. ಅಂದು ಬೆಳಿಗ್ಗೆ ರಿಮೋಟನ್ನು ನೆಚ್ಚದೆ, ಪಕ್ಕದ ಮನೆಯ ಮುನಿತಾಯಮ್ಮನವರನ್ನು ಕ್ಯಾಮೆರಾದ ಹಿಂದೆ ನಿಲ್ಲಿಸಿ, ಕೆಂಪು ದೀಪ ಆರಿದರೆ ಈ ಗುಂಡಿ ಒತ್ತಿ ಎಂದು ಹೇಳಿಕೊಟ್ಟಿದ್ದಳು. ಅಜ್ಜಿ ಹಾಡು ಎತ್ತಿದ್ದೇ ತಡ, ಮುನಿತಾಯಮ್ಮ ಕ್ಯಾಮೆರಾ ಬಿಟ್ಟು ಹಾಡಿನ ಜೊತೆ ಹೊರಟುಹೋದರು. ಕಣ್ಣು ಮುಚ್ಚಿ, ತಲೆದೂಗುತ್ತಾ, ಕೊನೆಯ ತನಕ. ಏಳೂ ಹಾಡು ಹಾಗೇ ಆದವು. ಒಂದೊಂದರಲ್ಲೂ ಮೊದಲ ಹನ್ನೆರಡು ನಿಮಿಷವಿತ್ತು, ಧಾಟಿ ತಿರುಗುವ ಬಾಲವಿರಲಿಲ್ಲ. ಅರ್ಧ ಹಾಡಿಗೆ ಕಾಳು ದಾಟಿಸುವುದಿಲ್ಲ ಎಂದು ಅಜ್ಜಿ ಹಟ ಹಿಡಿದರು. ಮೂರು ಬೆಳಗು ಮುಗಿದರೂ ಬಟ್ಟಲು ಖಾಲಿ.

ಆಶಾರಾಣಿ ಮತ್ತೊಮ್ಮೆ ಮೇಜಿನ ಮೇಲೆ ಒತ್ತಿ ನೋಡಿದರು. ಈ ಸಲವೂ ಚಾಲೂ ಆಯಿತು.

“ಅಲ್ಲಿವರೆಗೂ ನಂಗೆ ಹುಡುಗಿ ಮೇಲೆ ಅನುಮಾನ ಇತ್ತು. ಆವಾಗ ನನ್ ಮೇಜಿನ ಮೇಲೇ ಅನುಮಾನ ಬಂತು. ಇಲ್ಲಿ ಇಲ್ದಿದ್ದು ಏನೋ ಅಲ್ಲೈತೆ ಅನ್ನಿಸ್ತು” ಎಂದು ಅವರು ಆ ಗಳಿಗೆಯನ್ನು ನೆನೆಯುತ್ತಾರೆ.

ಗುರುವಾರ ಬೆಳಿಗ್ಗೆ ಅವರು ಮೇಜಿಗೆ ಬರಲಿಲ್ಲ. ಆರು ವರ್ಷದಲ್ಲಿ ಮುಹೂರ್ತದ ದಿನವೊಂದರಲ್ಲಿ ಮೆಟ್ಟಿಲ ಕೆಳಗೆ ದೀಪ ಹತ್ತದಿದ್ದದ್ದು ಅದೇ ಮೊದಲು. ಮೊದಲ ಬಸ್ಸಿಗೆ ಹೋಗಿ, ಇಬ್ಬನಿಯಲ್ಲಿ ಒಂದೂವರೆ ಮೈಲಿ ನಡೆದು, ಕೀರ್ತನಳ ಮನೆಯ ಜಗಲಿ ಮುಟ್ಟುವ ಹೊತ್ತಿಗೆ ಚಾಪೆ ಹಾಸಿಯಾಗಿತ್ತು. ಕ್ಯಾಮೆರಾ ಮುಕ್ಕಾಲಿಯ ಮೇಲೆ ನಿಂತಿತ್ತು. ಹೊಸ್ತಿಲ ಬಳಿ ಒನಕೆ, ಹಸೆ ಬರೆಯಲು ಕೆಮ್ಮಣ್ಣು, ಮೊರದಲ್ಲಿ ಅವರೆಕಾಳು. ಬಂದವರಿಗೆ ಒಂದು ಲೋಟ ನೀರು ಕೊಟ್ಟು ಮುನಿವೆಂಕಟಮ್ಮ ತಮ್ಮ ಪಾಡಿಗೆ ತಾವು ಕೆಲಸಕ್ಕಿಳಿದರು. ಆಶಾರಾಣಿ ಏನನ್ನೂ ಮುಟ್ಟದೆ ಮೂಲೆಯಲ್ಲಿ ನಿಂತು ನೋಡಿದರು. ನೋಡಲೆಂದೇ ಬಂದಿದ್ದರು.

ಅಜ್ಜಿ ಕುಂಕುಮದ ಭರಣಿ ತೆಗೆದು, ಹರಳೆಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ, ಉಂಗುರದ ಬೆರಳಲ್ಲಿ ಅದ್ದಿಕೊಂಡರು. ಹೊಸ್ತಿಲಿಗೊಂದು ಬೊಟ್ಟು. ದೀಪಕ್ಕೊಂದು. ಒನಕೆಗೊಂದು. ಮೊರಕ್ಕೊಂದು. ಆಮೇಲೆ ಕ್ಯಾಮೆರಾದ ಎದುರು ನಿಂತು, ದೃಷ್ಟಿ ಕೂಡಿಸಿಕೊಂಡು, ಹಿಡಿಕೆಯ ಮುಂಭಾಗಕ್ಕೆ ಒಂದು ದಪ್ಪ ಬೊಟ್ಟಿಟ್ಟರು.

ಕ್ಯಾಮೆರಾದ ಆ ಜಾಗದಲ್ಲಿ ಕಡುಗೆಂಪು ಬಣ್ಣದ ಹೊಳೆಯುವ ಪುಟ್ಟ ಕಿಟಕಿಯೊಂದಿರುತ್ತದೆ. ರಿಮೋಟು ಕಳಿಸುವ ಬೆಳಕು ಒಳಗೆ ಹೋಗಬೇಕಾದದ್ದು ಅದರ ಮೂಲಕವೇ, ಬೇರೆ ದಾರಿಯಿಲ್ಲ. ಕಡುಗೆಂಪಿನ ಮೇಲೆ ಕುಂಕುಮ ಕೂತರೆ ಅದು ಇದೆ ಎಂದು ಎರಡಡಿ ದೂರದಿಂದ ಯಾರಿಗೂ ಕಾಣದು.

“ಅಜ್ಜಿ, ಅಲ್ಲೇ ಯಾಕಿಟ್ರಿ?” ಎಂದು ಕೇಳಿದರು ಆಶಾರಾಣಿ.

“ಗಾಜು ಮುಟ್ಬ್ಯಾಡ ಅಂದವ್ಳೆ ಈ ನಮ್ಮವ್ವ. ಅದ್ಕೆ ಪಕ್ಕದಾಗೆ ಮಡಗ್ದೆ. ನೀನೇ ನೋಡು, ಮಾಡ್ದೋರೇ ಬೊಟ್ಟಿಗೆ ಅಂತ ಗುಂಡ್ಗೆ ಜಾಗ ಬುಟ್ಟವ್ರೆ.”

ಮೇಜಿನ ಮೇಲೆ ರಿಮೋಟು ಯಾಕೆ ಕೆಲಸ ಮಾಡಿತು ಎಂಬುದೂ ಆಗ ಬಿಡಿಸಿಕೊಂಡಿತು. ಬಾಡಿಗೆ ಕ್ಯಾಮೆರಾವನ್ನು ಪ್ರತಿ ದಿನ ಒರೆಸಿಯೇ ಚೀಲಕ್ಕಿಡಬೇಕು ಎಂಬುದು ಆನಂದ್ ಅವರ ಕಟ್ಟಪ್ಪಣೆ. ಕೀರ್ತನ ದಿನವೂ ಹತ್ತು ಗಂಟೆಗೆ ಒರೆಸುತ್ತಿದ್ದಳು, ಅಜ್ಜಿ ದಿನವೂ ಆರೂವರೆಗೆ ಇಡುತ್ತಿದ್ದರು. ಒರೆಸಿದ ಕ್ಯಾಮೆರಾ ಅವರ ಮೇಜಿಗೆ ಬರುತ್ತಿತ್ತು.

ಕೀರ್ತನ ಈ ಒರೆಸುವ ಮಾತನ್ನು ಬಾಯಿ ತಪ್ಪಿ ಅಜ್ಜಿಯ ಎದುರೇ ಹೇಳಿಬಿಟ್ಟಳು. ಅಜ್ಜಿಯ ಮುಖ ಕಳೆಗುಂದಿತು. ಬೊಟ್ಟು ಒರೆಸುವುದೆಂದರೆ ಆ ಮನೆಯಲ್ಲಿ ಸಣ್ಣ ಮಾತಲ್ಲ, ಅದರಲ್ಲೂ ಮದುವೆ ಪದ ಹಾಡಲು ಕೂರುವ ಜಾಗದಲ್ಲಿ.

“ಮೂರ್ ದಿನದಿಂದ ಒರೆಸ್ತಿದ್ಯಾ? ನಾನಿಟ್ಟಿದ್ದನ್ನ?”

ಅಜ್ಜಿ ಭರಣಿಯ ಮುಚ್ಚಳ ಹಾಕಿ ಗೋಡೆಯ ಕಡೆ ತಿರುಗಿ ಕೂತರು. ಗಂಟೆ ಏಳಾಗುತ್ತಿತ್ತು. ಗಂಟಲಿಗೆ ಹತ್ತರ ತನಕ ಮಾತ್ರ ಸಮಯ. ಆ ಬೆಳಗೂ ಹೋಗುವ ಲಕ್ಷಣ ಕಂಡಿತು.

ರಿಮೋಟಿನ ಜಾಣ್ಮೆಗೆ ಇಲ್ಲಿ ಕೆಲಸವಿರಲಿಲ್ಲ. ಆಶಾರಾಣಿ ಅಜ್ಜಿಯ ಪಕ್ಕದಲ್ಲಿ ಹೋಗಿ ಕೂತು, ತಮ್ಮ ಬೆಸುಗೆ ಕಡ್ಡಿಗೂ ಪ್ರತಿ ಶುಕ್ರವಾರ ಬೊಟ್ಟಿಡುತ್ತೇನೆ ಎಂದು ಹೇಳಿದರು. ಅದು ನಿಜವೇ. ತುದಿಗಿಟ್ಟರೆ ಬಿಸಿಗೆ ಸುಟ್ಟುಹೋಗುತ್ತದೆ, ಅದಕ್ಕೆ ಹಿಡಿಕೆಗಿಡುತ್ತೇನೆ ಎಂದರು. ಅಜ್ಜಿ ಪೂರ್ತಿ ತಿರುಗಲಿಲ್ಲ, ಕಿವಿ ಮಾತ್ರ ಈ ಕಡೆ ಇತ್ತು.

“ಒರೆಸೋದು ಬ್ಯಾಡಜ್ಜಿ. ನೀವೇ ನಿಮ್ ಕೈಯಾರ ಎತ್ತಿ ಮೇಲೆ ಮಡಗಿ. ಅದ್ರ ನೆತ್ತಿ ಇಲ್ಲೈತೆ, ನೋಡಿ” ಎಂದು ಕ್ಯಾಮೆರಾದ ಮೇಲಿನ ಉಬ್ಬನ್ನು ತೋರಿಸಿದರು. “ಗದ್ದಕ್ಕೆ ಇಟ್ಟಿದ್ರಿ ಇಷ್ಟ್ ದಿನ.”

ಮುನಿವೆಂಕಟಮ್ಮ ಕ್ಯಾಮೆರಾದ ಕಡೆ ತಿರುಗಿದರು. “ಗದ್ದಕ್ಕಾ?” ಎಂದರು. ಆಮೇಲೆ ಅವರಿಗೇ ನಗು ಬಂತು. ವೀಳ್ಯದೆಲೆಯ ಅಂಚಿನಿಂದ ಬೊಟ್ಟನ್ನು ನಾಜೂಕಾಗಿ ಎತ್ತಿ ನೆತ್ತಿಯ ಮೇಲಿಟ್ಟರು. ಉಳಿದ ಜಿಡ್ಡನ್ನು ಆಶಾರಾಣಿ ಅವರ ಅಪ್ಪಣೆ ಕೇಳಿಯೇ ಒದ್ದೆ ಎಲೆಯಿಂದ ತೆಗೆದರು. ಕೀರ್ತನ ಚಾಪೆಯ ಮೇಲೆ ಕೂತು, ಮಡಿಲಿನಲ್ಲಿ ಸೆರಗಿನ ಮರೆಯಿಂದ ರಿಮೋಟು ಒತ್ತಿದಳು. ಏನೂ ಆಗಲಿಲ್ಲ. ಆಶಾರಾಣಿ, “ಸೆರಗು ತೆಗಿಯಮ್ಮ” ಎಂದರು. ಎರಡನೆಯ ಸಲ ಒತ್ತಿದಾಗ ಕೆಂಪು ದೀಪ ಹೊತ್ತಿತು.

ಬಸ್ಸಿಗೆ ಹೊತ್ತಾಯಿತೆಂದು ಅವರು ಎದ್ದು ಹೊರಡಬೇಕು, ಅಷ್ಟರಲ್ಲಿ ಹಾಡು ಶುರುವಾಯಿತು. ಅಜ್ಜಿಯ ಪಕ್ಕ ಕೂತಿದ್ದರಿಂದ ತಾವೂ ಚಾಪೆಯ ಮೇಲೆಯೇ ಇದ್ದೇವೆ ಎಂಬುದು ಅವರಿಗೆ ಆಗ ಹೊಳೆಯಿತು. ಏಳುವಂತಿಲ್ಲ. ಹದಿನೇಳು ನಿಮಿಷ ಅಲುಗಾಡದೆ ಕೂತರು. ಹನ್ನೆರಡನೆಯ ನಿಮಿಷದಲ್ಲಿ ದೀಪ ಆರಿದ್ದನ್ನೂ, ಕೀರ್ತನ ಹಾಡು ಬಿಡದೆ ಹೆಬ್ಬೆರಳು ಒತ್ತಿದ್ದನ್ನೂ, ದೀಪ ಮತ್ತೆ ಹೊತ್ತಿದ್ದನ್ನೂ ಓರೆಗಣ್ಣಿನಲ್ಲಿ ನೋಡಿದರು. ಮೂರನೆಯ ಪದದ ಹೊತ್ತಿಗೆ ಸಾಲು ಮತ್ತೆ ಹೇಳುವ ದನಿಗಳಲ್ಲಿ ಅವರದೂ ಒಂದಿತ್ತು. ಮಧ್ಯದಲ್ಲಿ ಬೆಟ್ಟ ಬಳಸಿ ಬರುವ ರೈಲಿನ ಸದ್ದು ಕೇಳಿದಾಗ ಅಜ್ಜಿ ಒಂದೇ ಸಾಲನ್ನು ಎರಡು ಸಲ ಎಳೆದು ರೈಲನ್ನು ದಾಟಿಸಿದರು.

ಅಂದು ಏಳು ಕಾಳು ಬಟ್ಟಲಿಗೆ ಬಿದ್ದವು. ಮಧ್ಯಾಹ್ನ ಅವರು ಮೆಟ್ಟಿಲ ಕೆಳಗೆ ಬಂದಾಗ ಶ್ರೀಧರ್ ಸೇರಿ ಐವರು ಕಾದು ಹೋಗಿದ್ದಾರೆಂದು ಆನಂದ್ ರೇಗಿದರು. ಕಾರಣ ಕೇಳಿದ ಮೇಲೆ ತಾವೇ ಒಂದು ಚೀಟಿ ಬರೆದು ಆ ಕ್ಯಾಮೆರಾದ ಚೀಲದೊಳಗೆ ಇಡಲು ಕೀರ್ತನಳಿಗೆ ಕಳಿಸಿಕೊಟ್ಟರು: ‘ನೆತ್ತಿಯ ಮೇಲಿನ ಬೊಟ್ಟು ಒರೆಸಬೇಕಿಲ್ಲ.’

ಉಳಿದ ಬೆಳಗುಗಳು ಸುಸೂತ್ರವಾಗಿ ನಡೆದವು. ಕೊನೆಯ ದಿನ ಮಂಗಳವಾರ ಮಾತ್ರ ಆಸ್ಪತ್ರೆಗೆ ಬೇಗ ಬರಬೇಕೆಂದು ಫೋನು ಬಂದು, ಆರು ಹಾಡಿಗೇ ಏಳಬೇಕಾಯಿತು. ಏಳನೆಯದಕ್ಕೆಂದು ಕೈಯಲ್ಲಿ ಹಿಡಿದಿದ್ದ ಕಾಳನ್ನು ಮುನಿವೆಂಕಟಮ್ಮ ಮತ್ತೆ ಮೊರಕ್ಕೆ ಹಾಕಿ ಸೀರೆ ಬದಲಿಸಲು ಹೋದರು.

ಆಪರೇಷನ್ನು ಚೆನ್ನಾಗಿಯೇ ಆಯಿತು. ಗಡ್ಡೆಯಿಂದ ಅಪಾಯವಿಲ್ಲ ಎಂದರು. ಅಜ್ಜಿ ಈಗ ಮಾತನಾಡುತ್ತಾರೆ, ಸೊಸೆಯನ್ನು ಗದರುತ್ತಾರೆ, ಹಸುವನ್ನು ಹೆಸರಿಟ್ಟು ಕರೆಯುತ್ತಾರೆ. ದನಿ ಮೇಲಕ್ಕೆ ಏರುವುದಿಲ್ಲ, ಹಾಡು ಎತ್ತಲು ಆಗುವುದಿಲ್ಲ. ಮೊರದಲ್ಲುಳಿದ ಪದಗಳ ಮಾತನ್ನು ಕೀರ್ತನ ಕೇಳಿ ಕೇಳಿ ಪುಸ್ತಕದಲ್ಲಿ ಬರೆದುಕೊಂಡಿದ್ದಾಳೆ. ಮುನಿತಾಯಮ್ಮ ನಾಲ್ಕೈದರ ಧಾಟಿಯನ್ನು ಗುನುಗಿ ತೋರಿಸಿದರು. ಅಜ್ಜಿ ಕೇಳಿಸಿಕೊಂಡು ಅದಲ್ಲ ಎಂದು ಕೈಯಾಡಿಸಿದರು. ಯಾವುದು ಎಂದು ತೋರಿಸಲು ಅವರ ಬಳಿ ಗಂಟಲಿಲ್ಲ.

ಆಶಾರಾಣಿ ಆಗಾಗ ಭಾನುವಾರ ಸಂಜೆ ಆ ಊರಿಗೆ ಹೋಗಿ ಬರುತ್ತಾರೆ. ಹೋದರೆ ಅಜ್ಜಿ ಒಂದು ಚೀಲ ಸೊಪ್ಪು ಕೊಟ್ಟೇ ಕಳಿಸುವುದು. ಮೊದಲ ದಿನ ಬದಲಾಯಿಸಿದ ಬ್ಯಾಟರಿಗೆಂದು ಇಸಿದುಕೊಂಡಿದ್ದ ನಲವತ್ತು ರೂಪಾಯಿಯನ್ನು ಕೀರ್ತನಳಿಗೆ ವಾಪಸು ಕೊಟ್ಟಿದ್ದಾರೆ. ಆ ಹಳೆಯ ಬ್ಯಾಟರಿ ಅವರ ಸಾಂಬಾರ ಡಬ್ಬಿಯ ಮೆಂತ್ಯದ ಬಟ್ಟಲಿನಲ್ಲಿ ಬೇರೆಯಾಗಿ ಕೂತಿದೆ. ಇನ್ನೂ ಸರಿಯಾಗಿಯೇ ಕೆಲಸ ಮಾಡುತ್ತದೆ.

“ಮೊದಲ್ನೇ ದಿನ ಹೋಗಿದ್ದು ಅವ್ರ ಮನೇಲಿ. ಅದು ನನ್ ಲೆಕ್ಕಕ್ಕಿಲ್ಲ. ಮಂಗಳವಾರ, ಬುಧವಾರ ಹೋಗಿದ್ದು ಇಲ್ಲಿ, ಈ ಮೇಜಿನ ಮೇಲೆ. ಬಟನ್ ಒತ್ತೋಕ್ ಮುಂಚೆ ಏನ್ ಮಾಡ್ತೀಯಮ್ಮ ಅಂತ ಒಂದ್ ಮಾತು ಕೇಳಿದ್ರೆ ಸಾಕಿತ್ತು” ಎನ್ನುತ್ತಾರೆ ಅವರು. ದನಿಯಲ್ಲಿ ಅಳುವಿಲ್ಲ, ಸಮಜಾಯಿಷಿಯೂ ಇಲ್ಲ.

ಈಗ ಕೇಳುತ್ತಾರೆ. ಬೆಳಕು ಹರಿಯುತ್ತಿದೆ. ಹೊಸಕೋಟೆ ಕಡೆಯಿಂದ ಬಂದ ಒಬ್ಬರು ರಿಮೋಟನ್ನು ಮೇಜಿನ ಮೇಲಿಟ್ಟು, ಬೇಗ ನೋಡಿ ಮೇಡಂ ಎನ್ನುತ್ತಿದ್ದಾರೆ. ಆಶಾರಾಣಿ ಅದನ್ನು ಮುಟ್ಟುವುದಿಲ್ಲ. ಬಂದವರಿಗೆ ಸ್ಟೂಲು ಎಳೆದು ಕೊಡುತ್ತಾರೆ. “ಕೂತ್ಕೊಳ್ಳಿ. ಶುರು ಮಾಡೋಕ್ ಮುಂಚೆ ಏನೇನ್ ಮಾಡ್ತೀರ, ಒಂದೊಂದಾಗಿ ಹೇಳಿ.”

ಅರವತ್ತಮೂರು ಪದಗಳಲ್ಲಿ ನಲವತ್ತೊಂದು ಉಳಿದವು. ಇಪ್ಪತ್ತೆರಡರ ಧಾಟಿ ಹೋಯಿತು, ಅದರಲ್ಲಿ ಏಳರದು ಅರ್ಧ. ಆ ಇಪ್ಪತ್ತೆರಡರಲ್ಲಿ ಹದಿನಾಲ್ಕು ಹೋದದ್ದು ನನ್ನಿಂದ ಎಂದು ಆಶಾರಾಣಿ ಯಾರು ಕೇಳಿದರೂ ಹೇಳುತ್ತಾರೆ.